ನಾಡಪ್ರಭು ಕೆಂಪೇಗೌಡನೂ ಆತನ ಮನೆತನವೂ

ಬೆಂಗಳೂರು ಪಟ್ಟಣವನ್ನು ಕಟ್ಟಿಸಿದ ಕೆಂಪೇಗೌಡನ ಹೆಸರನ್ನು ಕೇಳದವರು ನಮ್ಮ ಸೀಮೆಯಲ್ಲಿ ಇರಲಾರರು. ಕಬ್ಬಾಳು, ಕನಕಪುರ, ರಾಮನಗರ, ಮಾಗಡಿ ಈ ಕಡೆಗಳ ವಾಚಕರಿಗೆ, ಆತನ ವಂಶದವರ ಕಡೆಯ ಆಶ್ರಯವಾಗಿದ್ದ ಸಾವನದುರ್ಗದ ದೊಡ್ಡ ಬಂಡೆಯೂ ಪರಿಚಿತವೇ. ಆದರೆ ಈ ಮನೆತನವು ಎಲ್ಲಿಂದ ಬಂತು, ಯಾಕೆ ಬಂತು, ಹೇಗೆ ಬೆಳೆದು ಹೇಗೆ ಅಳಿಯಿತು ಎಂಬದನ್ನು ತಿಳಿದವರು ಕೊಂಚವೇ ಮಂದಿ. ಆದದರಿಂದ ಆ ಸಂಗತಿಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ. ಇದರಲ್ಲಿ ಶಾಸನಗಳಿಂದ ತಿಳಿದದ್ದೂ ಉಂಟು, ಬಾಯಿಂದ ಬಾಯಿಗೆ ಬಂದದ್ದೂ ಉಂಟು. ಹೇಳಿಕೆಯನ್ನು ಹೇಳಿಕೆಯೆಂದೇ ಸೂಚಿಸುವೆವು.

ಈ ವಂಶದ ಮೂಲಪುರುಷನು ರಣಭೈರೇಗೌಡನು. ಆತನು ಕಂಚಿಯ ಸೀಮೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಒಕ್ಕಲಿಗನೆಂದೂ, ಆತನ ಮಗಳಾದ ದೊಡ್ಡಮ್ಮನನ್ನು ಆ ಸೀಮೆಯ ಬಲಿಷ್ಠನೊಬ್ಬನು ಬಲವಂತದಿಂದ ವಿವಾಹವಾಗಬೇಕೆಂದಿದ್ದನೆಂದೂ ಹೇಳಿಕೆಯುಂಟು. ಕೊಡೆನೆಂದರೆ ಕುಲನಾಶ, ಕೊಟ್ಟರೆ ಮಗಳ ಬಾಳು ಹಾಳು. ಆಗ ರಣಭೈರೇಗೌಡನೂ ಬಂಧುಗಳೂ ಕೂಡಿ ಏಳು ಕುಟುಂಬಗಳವರು, ಹೊಲಮನೆಗಳನ್ನು ಬಿಟ್ಟು ಬಂಡಿಗಳನ್ನು ಹೂಡಿ ರಾತ್ರೋರಾತ್ರಿ ಹೊರಟರು. ಪಾಲಾರ್ ಹೊಳೆ ತುಂಬಿ ಹರಿಯುತ್ತಿರಲು, ಹುಡುಗಿಯು ತನ್ನ ಕಿವಿಯ ಓಲೆಯನ್ನು ನೀರಿಗೆ ಅರ್ಪಿಸಲಾಗಿ ಹೊಳೆಯು ದಾರಿ ಕೊಟ್ಟಿತೆಂದು ವಂಶದವರು ಕಥೆ ಹೇಳುತ್ತಿದ್ದರು. ಹೊಳೆಯ ಸಂಗತಿ ಹೇಗೇ ಇರಲಿ, ಒಬ್ಬ ಹೆಣ್ಣುಮಗಳನ್ನು ಕಾಯುವದಕ್ಕೋಸ್ಕರ ಏಳು ಮನೆಗಳವರು ತಮ್ಮ ಸರ್ವಸ್ವವನ್ನೂ ತೊರೆದರೆಂಬದನ್ನು ಆ ಮನೆತನದವರು ತಮ್ಮ ಹೆಮ್ಮೆಯಾಗಿ ಕಾಪಾಡಿಕೊಂಡು ಬಂದರು.

ಅವರು ನಂದಿಬೆಟ್ಟದ ಮೂಡಲಲ್ಲಿ ಬಂಡಿಗಳನ್ನು ಬಿಚ್ಚಿ, ಗುಡಿಸಲುಗಳನ್ನು ಹಾಕಿಕೊಂಡರು. ಹೀಗೆ ಹುಟ್ಟಿದ ಊರು ಆವತಿ; ಅದು ಈಗ ದೇವನಹಳ್ಳಿ ತಾಲ್ಲೂಕಿನಲ್ಲಿದೆ. ಕಾಡು ಕಡಿದು ಹೊಲ ಮಾಡಿ ಬಲಗೊಂಡ ಮೇಲೆ ಬಂಧುಗಳು ಬೇರೆ ಬೇರೆ ಸ್ಥಳಗಳಿಗೆ ಚದರಿದರು. ಇವರಲ್ಲಿ ಜಯಗೌಡನೆಂಬವನು ಯಲಹಂಕದಲ್ಲಿ ನೆಲೆಸಿ, ವಿಜಯನಗರದ ಅರಸರಿಗೆ ಅಧೀನನಾಗಿ ಯಲಹಂಕ ನಾಡಪ್ರಭುವೆನಿಸಿಕೊಂಡನು. ಅವನ ಮಗನು ಗಿಡ್ಡೇಗೌಡನು. ಗಿಡ್ಡೇಗೌಡನ ಮಗನು ಕೆಂಪನಂಜೇಗೌಡನು. ಗಿಡ್ಡೇಗೌಡನಿಗೆ ಬಹುಕಾಲ ಮಕ್ಕಳಿಲ್ಲದೆ, ಕೆಂಪಮ್ಮನೆಂಬ ದೇವತೆಗೆ ಹರಕೆ ಹೊತ್ತನಾದದರಿಂದ ಕೆಂಪನೆಂಬ ಹೆಸರು ಈ ಮನೆತನದಲ್ಲಿ ನಿಂತಿತೆಂದು ಹೇಳುವರು. ಈ ಕೆಂಪನಂಜೇಗೌಡನ ಮಗನೇ ನಮ್ಮ ಕೆಂಪೇಗೌಡನು.

ಕೆಂಪೇಗೌಡನು 1513ರಲ್ಲಿ ಪಟ್ಟಕ್ಕೆ ಬಂದು ಐವತ್ತಾರು ವರುಷ ಆಳಿದನು. 1537ರಲ್ಲಿ ಆತನು ಮಣ್ಣಿನ ಕೋಟೆಯನ್ನೂ ಅಗಳನ್ನೂ ಮಾಡಿಸಿ ಬೆಂಗಳೂರು ಪೇಟೆಯನ್ನು ಸ್ಥಾಪಿಸಿದನು. ಬೆಂಗಳೂರೆಂಬ ಹೆಸರು ಮಾತ್ರ ಅದಕ್ಕಿಂತ ಬಹು ಹಳೆಯದು. ಬೇಗೂರಿನಲ್ಲಿರುವ ಸುಮಾರು 890ರ ವೀರಗಲ್ಲಿನಲ್ಲಿಯೇ ಅದು ಕಾಣುತ್ತದೆ. ಈಗ ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಸ್ಥಳದಿಂದ ನಾಲ್ಕು ನೇಗಿಲುಗಳನ್ನು ನಾಲ್ಕು ದಿಕ್ಕಿಗೆ ಹೂಡಿಸಿ, ಆ ಸಾಲುಗಳನ್ನೇ ರಾಜಬೀದಿಗಳನ್ನಾಗಿ ಮಾಡಿದನೆಂದು ಪ್ರತೀತಿ. ನೇಗಿಲು ಹಿಡಿದು ಬಂದ ವಂಶದವನು ನೇಗಿಲಿನಿಂದಲೇ ಪಟ್ಟಣಕ್ಕೆ ಗೆರೆ ಎಳೆದದ್ದು ಸಹಜವೇ ಸರಿ. ಒಂದೊಂದು ಕಸುಬಿನವರಿಗೆ ಒಂದೊಂದು ಬೀದಿಯಾಯಿತು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಅಕ್ಕಿಪೇಟೆ, ಬಳೇಪೇಟೆ ಎಂಬ ಹೆಸರುಗಳು ಇಂದಿಗೂ ಅಳಿದಿಲ್ಲ. ಹೊಳೆಯಿಲ್ಲದ ಆ ಎತ್ತರದ ನೆಲದಲ್ಲಿ ಜನರಿಗೆ ನೀರು ಬೇಕೆಂದು ಧರ್ಮಾಂಬುಧಿ, ಕೆಂಪಾಂಬುಧಿ ಮುಂತಾದ ಕೆರೆಗಳಾದವು. ಧರ್ಮಾಂಬುಧಿಯ ಅಂಗಳವು ಈಗ ಬೆಂಗಳೂರಿನ ದೊಡ್ಡ ಬಸ್ ನಿಲ್ದಾಣವಾಗಿರುವದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು.

ಕೋಟೆಯ ಕುರಿತು ದುಃಖಕರವಾದ ಒಂದು ಹೇಳಿಕೆಯುಂಟು. ತೆಂಕಣ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತೆಂದೂ, ನರಬಲಿಯಾಗದೆ ನಿಲ್ಲದೆಂದು ಕೆಲವರು ಹೇಳಲಾಗಿ, ಮಾವನ ಸಂಕಟವನ್ನು ನೋಡಲಾರದೆ ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮಮ್ಮನು ತನ್ನನ್ನೇ ಬಲಿಕೊಟ್ಟುಕೊಂಡಳೆಂದೂ ಜನರು ಹೇಳುವರು. ಕೋರಮಂಗಲದಲ್ಲಿ ಆಕೆಯ ಹೆಸರಿನ ಗುಡಿಯಿದೆ. ಮಗಳೊಬ್ಬಳಿಗಾಗಿ ಊರು ಬಿಟ್ಟ ವಂಶದಲ್ಲಿ ಊರಿಗಾಗಿ ಸೊಸೆಯೊಬ್ಬಳು ಅಳಿದಳೆಂಬದನ್ನು ಕೇಳುವಾಗ ನಮ್ಮ ಮನಸ್ಸು ಮರುಗುತ್ತದೆ. ಮೂಢನಂಬಿಕೆಯ ಭಾರವು ಮನೆಯಲ್ಲಿ ಯಾರ ಹೆಗಲ ಮೇಲೆ ಬೀಳುವದೆಂಬದಕ್ಕೆ ಈ ಕಥೆಯೇ ಸಾಕ್ಷಿ.

ಆದರೆ ಇದೇ ಕೆಂಪೇಗೌಡನ ಕುರಿತು ಇನ್ನೊಂದು ಸಂಗತಿಯನ್ನೂ ಹೇಳುವರು. ತಮ್ಮ ಹಿರಿಯರು ಬಂಡಿಗಳಲ್ಲಿ ಬಂದರೆಂದು ನೆನೆಯುವ ಮೊರಸು ಒಕ್ಕಲಿಗರಲ್ಲಿ ಬಂಡಿದೇವರೆಂಬ ಪೂಜೆಯುಂಟು. ಆ ಸಮಯದಲ್ಲಿ ಹೆಂಗಸಿನ ಕೈಯ ಕೊನೆಯ ಎರಡು ಬೆರಳುಗಳನ್ನು ಉಳಿಯಿಂದ ಕತ್ತರಿಸುವ ಪದ್ಧತಿಯಿತ್ತು. ಕೆಂಪೇಗೌಡನು ತನ್ನ ಸ್ವಂತ ಕುಲದವರ ಈ ಕ್ರೂರ ಪದ್ಧತಿಯನ್ನು ನಿಷೇಧಿಸಿದನೆಂದು ಪ್ರಸಿದ್ಧಿ. ಅರಸನ ಅಪ್ಪಣೆಯಾದ ಮಾತ್ರಕ್ಕೆ ಪದ್ಧತಿಯ ಬೇರು ಕಿತ್ತುಬರಲಿಲ್ಲ. 1810ರಲ್ಲಿ ಮೈಸೂರಿನ ಚರಿತ್ರೆಯನ್ನು ಪ್ರಕಟಿಸಿದ ವಿಲ್ಕ್ಸ್ ದೊರೆಯು ತನ್ನ ಕಾಲದಲ್ಲಿಯೂ ಅದು ನಡೆಯುತ್ತಿದ್ದದನ್ನು ಬರೆದಿದ್ದಾನೆ. ಕೋಟೆಯನ್ನು ಕಟ್ಟಿಸುವದಕ್ಕಿಂತಲೂ ಕುಲಾಚಾರವನ್ನು ತಿದ್ದುವದು ಎಷ್ಟು ಕಷ್ಟವೆಂಬದನ್ನು ಇದರಿಂದ ತಿಳಿಯಬಹುದು. ಪರರ ತಪ್ಪನ್ನು ಖಂಡಿಸುವದು ಸುಲಭ. ನಮ್ಮ ಮನೆಯ ಹಿರಿಯರು ನಡಿಸಿಕೊಂಡು ಬಂದದನ್ನು ಬೇಡವೆನ್ನುವದಕ್ಕೆ ಧೈರ್ಯ ಬೇಕು.

ಕೆಂಪೇಗೌಡನಿಗೆ ಕಷ್ಟವೂ ತಪ್ಪಲಿಲ್ಲ. ಆತನು ಅಪ್ಪಣೆಯಿಲ್ಲದೆ ಭೈರದೇವರ ಹೆಸರಿನಲ್ಲಿ ವರಹಗಳನ್ನು ಅಚ್ಚುಹಾಕಿಸಿದನೆಂಬ ಅಪರಾಧಕ್ಕಾಗಿ ವಿಜಯನಗರದವರು ಆತನನ್ನು ಆನೆಗೊಂದಿಯಲ್ಲಿ ಐದು ವರುಷ ಸೆರೆಯಲ್ಲಿಟ್ಟರೆಂದೂ, ದಂಡ ತೆತ್ತ ಮೇಲೆ ಬಿಡುಗಡೆಯಾಗಿ ತನ್ನ ನಾಡನ್ನು ತಿರುಗಿ ಪಡೆದನೆಂದೂ ಹೇಳುತ್ತಾರೆ. 1569ರಲ್ಲಿ ಆತನು ತೀರಿಕೊಂಡನು. ಆತನ ಸಮಾಧಿಯ ಸ್ಥಳವು ಬಹುಕಾಲ ಮರೆಯಾಗಿದ್ದು, 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ದೊರೆತ ಬರಹದಿಂದ ಬೆಳಕಿಗೆ ಬಂತು. ಕುಣಿಗಲಿನಲ್ಲಿ ಉಂಟಾಗಿದ್ದ ಜಗಳವನ್ನು ಅಡಗಿಸಿ ಹಿಂದಿರುಗುವಾಗ ಆತನು ಅಲ್ಲಿ ಮಡಿದನೆಂಬದು ಅದರ ತಾತ್ಪರ್ಯ.

ತರುವಾಯ ಬಂದ ಇಮ್ಮಡಿ ಕೆಂಪೇಗೌಡನು ಮಾಗಡಿ, ಸಾವನದುರ್ಗಗಳನ್ನು ಕೂಡಿಸಿಕೊಂಡನು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿಯಲು, ವಂಶದವರು ಮಾಗಡಿಗೆ ಬಂದು ನೆಲೆಸಿದರು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದನು. ಕಡೆಯ ಪ್ರಭುವು ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಮರಣಹೊಂದಿದನು. ಹೀಗೆ ಬಂಡಿಯಲ್ಲಿ ಬಂದ ಭಾಗ್ಯವು ಬಂಡೆಯ ಮೇಲೆ ಮುಗಿಯಿತು.

ಪ್ರಿಯ ವಾಚಕರೇ, ಈಗ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರಿದೆ. ಅಲ್ಲಿ 2022ರಲ್ಲಿ 108 ಅಡಿ ಎತ್ತರದ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಆತನ ಮಣ್ಣಿನ ಕೋಟೆಯಾದರೋ ಅಳಿದುಹೋಯಿತು. ನಾವು ಆತನ ಹೆಸರನ್ನು ಹೇಳುವಾಗ, ಆ ಏಳು ಬಂಡಿಗಳು ಯಾರಿಗಾಗಿ ಹೂಡಲ್ಪಟ್ಟವೆಂಬದನ್ನೂ ನೆನೆಯೋಣ. ನಮ್ಮ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ನೋವು ತರುವ ಹಳೆಯ ಪದ್ಧತಿ ಯಾವದಾದರೂ ಉಳಿದಿದ್ದರೆ, ಹಿರಿಯರು ಮಾಡಿದರೆಂಬ ಕಾರಣಕ್ಕೆ ಅದನ್ನು ಕಾಪಾಡದೆ ಬಿಟ್ಟುಬಿಡುವದೇ ಯೋಗ್ಯವಾದದ್ದು.