ವೈದ್ಯರನ್ನು ರೂಪಿಸಿದ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ್

ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಶಿವನಸಮುದ್ರದ ವಿದ್ಯುತ್ತು ಮತ್ತು ದಸರೆಯ ವೈಭವ. ಆದರೆ ಮೈಸೂರಿನ ಇರ್ವಿನ್ ರಸ್ತೆಯ ಬಳಿ ಗುಮ್ಮಟ ಹೊತ್ತು ನಿಂತಿರುವ ಕೃಷ್ಣರಾಜೇಂದ್ರ ಆಸ್ಪತ್ರೆ ಅವರ ಬದುಕಿನ ಇನ್ನೊಂದು ಮುಖವನ್ನು ಹೇಳುತ್ತದೆ. ಸುತ್ತಲಿನ ಜಿಲ್ಲೆಗಳ ಜನ ಇಂದಿಗೂ ದೊಡ್ಡಾಸ್ಪತ್ರೆ ಎಂದೇ ಕರೆಯುವ ಈ ಸಂಸ್ಥೆಯ ಹಿಂದೆ ಒಬ್ಬ ದೊರೆಯ ಆಡಳಿತ ದೃಷ್ಟಿಯ ಜೊತೆಗೆ, ರೋಗರುಜಿನಗಳಿಗೆ ತನ್ನವರನ್ನು ಕಳೆದುಕೊಂಡ ಒಂದು ಕುಟುಂಬದ ನೋವೂ ಇದೆ.

ಹತ್ತರ ಹರೆಯದಲ್ಲಿ ಪಟ್ಟ

ನಾಲ್ವಡಿಯವರು ಜನಿಸಿದ್ದು 1884ರ ಜೂನ್ 4ರಂದು, ಮೈಸೂರಿನಲ್ಲಿ. ತಂದೆ ಹತ್ತನೆಯ ಚಾಮರಾಜೇಂದ್ರ ಒಡೆಯರ್, ತಾಯಿ ಕೆಂಪನಂಜಮ್ಮಣ್ಣಿ. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ತೆರಳಿದ್ದ ಚಾಮರಾಜೇಂದ್ರರು ಗಂಟಲಮಾರಿ ರೋಗಕ್ಕೆ ತುತ್ತಾಗಿ ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಕೇವಲ 31 ವರ್ಷ. ಹತ್ತು ವರ್ಷದ ಬಾಲಕ 1895ರಲ್ಲಿ ಪಟ್ಟವೇರಿದ. ಮಗ ಪ್ರಾಪ್ತ ವಯಸ್ಕನಾಗುವವರೆಗೆ ತಾಯಿ ವಾಣಿವಿಲಾಸ ಸನ್ನಿಧಾನದವರೆಂಬ ಹೆಸರಿನಿಂದ ರೀಜೆಂಟರಾಗಿ ರಾಜ್ಯಭಾರ ನಡೆಸಿದರು.

ರಾಜಕುಮಾರನ ವಿದ್ಯಾಭ್ಯಾಸ ಬ್ರಿಟಿಷ್ ಅಧಿಕಾರಿ ಸ್ಟುವರ್ಟ್ ಫ್ರೇಸರ್ ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಅದೇ ವರ್ಷಗಳಲ್ಲಿ ಸಂಸ್ಥಾನದ ಮೇಲೆ ದೊಡ್ಡ ಆಪತ್ತು ಎರಗಿತು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗ್ ಮೈಸೂರಿಗೂ ಹಬ್ಬಿತು. ಜನ ಮನೆಮಠಗಳನ್ನು ತೊರೆದು ಊರ ಹೊರಗಿನ ಗುಡಿಸಲುಗಳಿಗೆ ಹೋದರು. ಇಕ್ಕಟ್ಟಾದ ಓಣಿ, ಗಾಳಿಬೆಳಕಿಲ್ಲದ ಮನೆ, ತೆರೆದ ಚರಂಡಿಗಳು ರೋಗಕ್ಕೆ ಆಶ್ರಯವಾಗುತ್ತವೆ ಎಂಬುದು ಆಡಳಿತಕ್ಕೆ ಮನವರಿಕೆಯಾದದ್ದು ಆಗಲೇ. ರೀಜೆಂಟರ ಕಾಲದಲ್ಲಿಯೇ, 1900ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಉದ್ಘಾಟನೆಗೊಂಡಿತು.

1902ರ ಆಗಸ್ಟ್ 8ರಂದು ನಾಲ್ವಡಿಯವರು ಪೂರ್ಣ ಅಧಿಕಾರ ವಹಿಸಿಕೊಂಡರು. ಮರುವರ್ಷವೇ ಮೈಸೂರು ನಗರದ ಸುಧಾರಣೆಗೆಂದು ಪ್ರತ್ಯೇಕ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಅಗಲವಾದ ರಸ್ತೆಗಳು, ಒಳಚರಂಡಿ, ಗಾಳಿ ಬೆಳಕು ಆಡುವ ಹೊಸ ಬಡಾವಣೆಗಳು ರೂಪುಗೊಂಡವು. ಇಂದು ಪ್ರವಾಸಿಗರು ಮೆಚ್ಚುವ ಮೈಸೂರಿನ ಅಂದಕ್ಕೆ ಪ್ಲೇಗಿನ ಭಯವೂ ಒಂದು ಕಾರಣ ಎಂಬುದನ್ನು ಮರೆಯುವಂತಿಲ್ಲ.

ಮನೆಯೊಳಗೆ ಬಂದ ಕ್ಷಯ

ಅರಮನೆಯ ಗೋಡೆಗಳು ರೋಗವನ್ನು ತಡೆಯಲಿಲ್ಲ. ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗಕ್ಕೆ ಬಲಿಯಾದರು. ಅವರ ಹೆಣ್ಣುಮಕ್ಕಳನ್ನೂ ಅದೇ ರೋಗ ಕಿತ್ತುಕೊಂಡಿತು. ಕ್ಷಯಕ್ಕೆ ಆಗ ಔಷಧವೇ ಇರಲಿಲ್ಲ; ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಶುದ್ಧ ಗಾಳಿ, ಬಿಸಿಲು, ಪುಷ್ಟಿಕರ ಆಹಾರ, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ರೋಗಿಯನ್ನು ಮನೆಯವರಿಂದ ಬೇರೆಯಾಗಿ ಇರಿಸುವುದು ಉಳಿದವರನ್ನು ಕಾಪಾಡುವ ದಾರಿಯಾಗಿತ್ತು. ಸಿರಿವಂತರು ಇದನ್ನು ಹೇಗೋ ಹೊಂದಿಸಿಕೊಳ್ಳಬಹುದಿತ್ತು. ಒಂದೇ ಕೋಣೆಯ ಮನೆಯಲ್ಲಿ ಆರೇಳು ಮಂದಿ ಮಲಗುವ ಬಡವರಿಗೆ ಅದು ಸಾಧ್ಯವಿರಲಿಲ್ಲ.

ಸಹೋದರಿಯ ನೆನಪಿಗಾಗಿ ನಾಲ್ವಡಿಯವರು ಮೈಸೂರು ನಗರದ ಹೊರಗೆ, ಇಂದಿನ ಕೆಆರ್‌ಎಸ್ ರಸ್ತೆಯ ವಿಶಾಲ ಬಯಲಿನಲ್ಲಿ, ಕ್ಷಯರೋಗ ಆಸ್ಪತ್ರೆಯನ್ನು ಕಟ್ಟಿಸಿದರು. ಪಿಕೆಟಿಬಿ ಎಂದು ಇಂದು ಎಲ್ಲರೂ ಕರೆಯುವ ಆಸ್ಪತ್ರೆ ಅದೇ. ಆ ಇಂಗ್ಲಿಷ್ ಅಕ್ಷರಗಳ ಹಿಂದೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ ಎಂಬುದು ಅಲ್ಲಿಗೆ ಹೋಗಿಬರುವ ಅನೇಕರಿಗೆ ತಿಳಿದಿರಲಾರದು.

ಇದೇ ಕಾಲದಲ್ಲಿ, 1918ರಲ್ಲಿ, ಇನ್‌ಫ್ಲುಯೆಂಜಾ ಸಾಂಕ್ರಾಮಿಕ ಸಂಸ್ಥಾನವನ್ನು ತತ್ತರಗೊಳಿಸಿತು. ಸತ್ತವರ ಸಂಖ್ಯೆ ಲಕ್ಷವನ್ನು ಮೀರಿತು. ಕಟ್ಟಡ ಕಟ್ಟಿ, ಹಾಸಿಗೆ ಹಾಕಿಸಿದರೆ ಸಾಲದು, ಚಿಕಿತ್ಸೆ ನೀಡಲು ಸಾಕಷ್ಟು ವೈದ್ಯರೂ ಬೇಕು ಎಂಬುದನ್ನು ಇಂತಹ ಪಿಡುಗುಗಳು ಎತ್ತಿ ತೋರಿದವು.

ಆಸ್ಪತ್ರೆಯೇ ಪಾಠಶಾಲೆ

ವೈದ್ಯಕೀಯ ಪದವಿ ಪಡೆಯಬೇಕೆಂದರೆ ಸಂಸ್ಥಾನದ ಹುಡುಗ ಮದರಾಸಿಗೋ ಮುಂಬಯಿಗೋ ಹೋಗಬೇಕಾಗಿದ್ದ ಕಾಲ ಅದು. ಹಣವಂತರಿಗೆ ಮಾತ್ರ ಎಟುಕುತ್ತಿದ್ದ ಓದು. ಬೆಂಗಳೂರಿನಲ್ಲಿ ಇದ್ದದ್ದು ಪದವಿಗಿಂತ ಕೆಳಮಟ್ಟದ ಶಿಕ್ಷಣ ನೀಡುತ್ತಿದ್ದ ವೈದ್ಯಕೀಯ ಶಾಲೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಸ್ವಂತ ವೈದ್ಯಕೀಯ ಕಾಲೇಜಿಗೆ ದಾರಿ ತೆರೆಯಿತು. 1924ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಆರಂಭವಾಯಿತು. 1930ರಲ್ಲಿ ಅದು ಮೈಸೂರಿಗೆ ಸ್ಥಳಾಂತರಗೊಂಡು, ಕೃಷ್ಣರಾಜೇಂದ್ರ ಆಸ್ಪತ್ರೆಯ ಮಗ್ಗುಲಲ್ಲಿ ನೆಲೆ ಕಂಡಿತು.

ಈ ಜೋಡಣೆಯ ಮಹತ್ವವನ್ನು ಗಮನಿಸಬೇಕು. ವೈದ್ಯವಿದ್ಯೆ ಕೇವಲ ಪುಸ್ತಕದಿಂದ ಬರುವುದಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯುವಂಥದು. ಇತ್ತ ಬಡ ರೋಗಿಗೆ ತಜ್ಞ ಪ್ರಾಧ್ಯಾಪಕರ ಚಿಕಿತ್ಸೆ ದೊರೆಯುವುದೂ ಅವರು ಅಲ್ಲಿ ಪಾಠ ಹೇಳುವುದರಿಂದಲೇ. ಕೃಷ್ಣರಾಜೇಂದ್ರ ಆಸ್ಪತ್ರೆ, ತಾಯಿ ಮಕ್ಕಳ ಚೆಲುವಾಂಬ ಆಸ್ಪತ್ರೆ, ಪಿಕೆಟಿಬಿ ಈ ಮೂರೂ ಮುಂದೆ ಕಾಲೇಜಿನ ಬೋಧನಾ ಆಸ್ಪತ್ರೆಗಳಾದವು. ಕಾಲೇಜನ್ನು ಬಿಟ್ಟುಕೊಟ್ಟ ಬೆಂಗಳೂರು ಮತ್ತೊಂದು ವೈದ್ಯಕೀಯ ಕಾಲೇಜಿಗಾಗಿ 1955ರವರೆಗೆ ಕಾಯಬೇಕಾಯಿತು.

ವೈದ್ಯರಾಗುವವರು ಯಾರು ಎಂಬ ಪ್ರಶ್ನೆಯೂ ಆಗ ಎದ್ದಿತ್ತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪಾಲು ತೀರ ಕಡಿಮೆಯಿದೆ ಎಂಬ ದೂರಿಗೆ ಓಗೊಟ್ಟ ನಾಲ್ವಡಿಯವರು, 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ಈ ವಿಚಾರದಲ್ಲಿ ಭಿನ್ನಾಭಿಪ್ರಾಯ ಹೊಂದಿದ್ದ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ತೊರೆದರು. ಆದರೂ ಮಹಾರಾಜರು ಹಿಂಜರಿಯಲಿಲ್ಲ. ಹಿಂದುಳಿದ ವರ್ಗಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಅವಕಾಶ ಕಲ್ಪಿಸಬೇಕೆಂಬ ಸಮಿತಿಯ ಶಿಫಾರಸುಗಳು ನಾಡಿನ ಮೀಸಲಾತಿ ನೀತಿಗೆ ಬುನಾದಿಯಾದವು.

ಹಳ್ಳಿಯ ಕಡೆಗೆ

1926ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾದ ಬಳಿಕ ಸಾರ್ವಜನಿಕ ಆರೋಗ್ಯದ ಕೆಲಸ ಮತ್ತಷ್ಟು ವಿಸ್ತರಿಸಿತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ನಡೆಯಿತು. ಮಂಡ್ಯ ಭಾಗದಲ್ಲಿ ಗ್ರಾಮೀಣ ಆರೋಗ್ಯ ಘಟಕ ಸ್ಥಾಪನೆಯಾಯಿತು. 1930ರಲ್ಲಿ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಅನುಮತಿ ನೀಡಿತು. ಸರ್ಕಾರವೊಂದು ಇಂತಹ ಹೆಜ್ಜೆ ಇಟ್ಟದ್ದು ಜಗತ್ತಿನಲ್ಲಿಯೇ ಮೊದಲು ಎಂದು ಇತಿಹಾಸ ಗುರುತಿಸುತ್ತದೆ.

ಎಲ್ಲವೂ ಹೂವಿನ ಹಾಸಿಗೆಯಾಗಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ಜನ ನಡೆಸಿದ ಹೋರಾಟವನ್ನು ಅವರ ಆಡಳಿತ ಹತ್ತಿಕ್ಕಲು ಯತ್ನಿಸಿತು. 1938ರ ವಿದುರಾಶ್ವತ್ಥದ ಗೋಲಿಬಾರ್ ಆ ಅವಧಿಯ ಕಪ್ಪುಚುಕ್ಕೆ. ರಾಜರ್ಷಿ ಎಂಬ ಹೆಸರು ಪಡೆದ ದೊರೆಯ ಚರಿತ್ರೆಯಲ್ಲಿ ಇದಕ್ಕೂ ಜಾಗ ಇರಲೇಬೇಕು.

1940ರ ಮಾರ್ಚ್‌ನಲ್ಲಿ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಅದೇ ವರ್ಷ ಆಗಸ್ಟ್ 3ರಂದು ನಾಲ್ವಡಿಯವರೂ ಬೆಂಗಳೂರಿನ ಅರಮನೆಯಲ್ಲಿ ಕೊನೆಯುಸಿರೆಳೆದರು. ಅವರಿಗೆ ಮಕ್ಕಳಿರಲಿಲ್ಲ. ಯುವರಾಜರ ಮಗ ಜಯಚಾಮರಾಜ ಒಡೆಯರ್ ಪಟ್ಟವೇರಿದರು.

ಉಳಿದ ಹೊಣೆ

ಮೈಸೂರು ವೈದ್ಯಕೀಯ ಕಾಲೇಜು 2024ರಲ್ಲಿ ನೂರು ವರ್ಷ ಪೂರೈಸಿದೆ. ಇಂದು ಮಂಡ್ಯ, ಹಾಸನ, ಚಾಮರಾಜನಗರ, ಕೊಡಗು ಜಿಲ್ಲೆಗಳಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹಾಗಿದ್ದರೂ ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದ ಸಾಲು ಕರಗಿಲ್ಲ. ಖಾಸಗಿ ಆಸ್ಪತ್ರೆಯ ಬಿಲ್ಲು ಕಟ್ಟಲಾಗದ ಕುಟುಂಬಕ್ಕೆ ಕೊನೆಯ ಭರವಸೆ ಅದೇ.

ಸಂಸ್ಥಾನದ ಬೊಕ್ಕಸಕ್ಕೆ ಅಣೆಕಟ್ಟು, ರೈಲು, ಕಾರ್ಖಾನೆಗಳ ಹೊರೆ ಇದ್ದಾಗಲೂ ಆಸ್ಪತ್ರೆಗೆ, ವೈದ್ಯ ಶಿಕ್ಷಣಕ್ಕೆ ಹಣ ಒದಗಿತು. ಹಳೆಯ ಕಟ್ಟಡಗಳಿಗೆ ಸುಣ್ಣ ಬಳಿದು, ವರ್ಷಕ್ಕೊಮ್ಮೆ ಭಾವಚಿತ್ರಕ್ಕೆ ಹಾರ ಹಾಕಿದರೆ ನಾಲ್ವಡಿಯವರ ಋಣ ತೀರುವುದಿಲ್ಲ. ಅವರು ಕಟ್ಟಿಕೊಟ್ಟ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಬೇಕಾದಷ್ಟು ವೈದ್ಯರು, ದಾದಿಯರು, ಔಷಧ ಸದಾ ಇರುವಂತೆ ನೋಡಿಕೊಳ್ಳುವುದು ಈಗ ಪ್ರಜಾಪ್ರಭುತ್ವದ ಸರ್ಕಾರಗಳ ಹೊಣೆ.