ನಿಕುಮಾನ್: ಶಿಂಜುಕುವಿನಿಂದ ನಮ್ಮ ಇಡ್ಲಿ ಪಾತ್ರೆಗೆ

ಚಳಿ ಶುರುವಾಯಿತೆಂದರೆ ಜಪಾನಿನ ಕೊಂಬಿನಿ ಅಂಗಡಿಗಳಲ್ಲಿ ದುಡ್ಡು ಕೊಡುವ ಜಾಗದ ಪಕ್ಕದಲ್ಲೇ ಒಂದು ಗಾಜಿನ ಪೆಟ್ಟಿಗೆ ಕಾಣುತ್ತದೆ. ಅದರೊಳಗೆ ಹಬೆ, ಹಬೆಯೊಳಗೆ ಬೆಳ್ಳಗೆ ಉಬ್ಬಿದ ಉಂಡೆಗಳು. ಅವೇ ನಿಕುಮಾನ್. ಒಸಾಕಾ, ಕೋಬೆ ಕಡೆಯವರು ಬುತಾಮಾನ್ ಎನ್ನುತ್ತಾರೆ. ಜಪಾನಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಇದರ ರುಚಿಯನ್ನು ನಾನೇನೂ ಹೇಳಿಕೊಡಬೇಕಿಲ್ಲ. ಆದರೆ ಇದರ ಕಥೆಯೊಳಗೆ ಭಾರತದ ಒಬ್ಬ ಕ್ರಾಂತಿಕಾರಿಯೂ ಬಂದು ಹೋಗುತ್ತಾರೆ. ಅದು ಗೊತ್ತೇ?

ಈ ಉಂಡೆಯ ತವರು ಚೀನಾ. 14ನೇ ಶತಮಾನದಲ್ಲಿ ರಿನ್ ಜೋಇನ್ ಎಂಬ ಚೀನೀಯ ಒಬ್ಬ ಝೆನ್ ಭಿಕ್ಷುವಿನ ಜೊತೆ ಬಂದು ನಾರಾ ಊರಿನಲ್ಲಿ ನೆಲೆಸಿದನಂತೆ. ಮಠದ ಭಿಕ್ಷುಗಳು ಮಾಂಸ ಮುಟ್ಟುವವರಲ್ಲ. ಹಾಗಾಗಿ ಅವನು ಮಾಂಸದ ಬದಲು ಅಜುಕಿ ಕಾಳಿನ ಸಿಹಿ ಹೂರಣ ತುಂಬಿ ಕೊಟ್ಟ. ಅದೇ ಮುಂದೆ ಮಂಜೂ ಎಂಬ ಸಿಹಿತಿಂಡಿಯಾಗಿ ಜಪಾನಿನ ತುಂಬ ಹರಡಿತು. ನಾರಾದಲ್ಲಿ ಅವನಿಗೊಂದು ಗುಡಿಯಿದೆ. ತಿಂಡಿ ಮಾಡಿದವನಿಗೂ ಗುಡಿ ಕಟ್ಟುವ ಜನ ನನಗಂತೂ ಬಹಳ ಇಷ್ಟ! ಮಾಂಸದ ಉಂಡೆ ಬಹಳ ಕಾಲದ ಮೇಲೆ ಬಂದರು ಪಟ್ಟಣಗಳ ಚೀನೀ ಕೇರಿಗಳಿಂದ ಹೊರಟಿತು. ಕೋಬೆಯ ನಾನ್‌ಕಿನ್‌ಮಾಚಿಯಲ್ಲಿ ಅದಕ್ಕೆಂದೇ ರೋಶೋಕಿ ಎಂಬ ಅಂಗಡಿ ತೆರೆದದ್ದು 1915ರಲ್ಲಿ.

ಅದೇ 1915ರಲ್ಲಿ ರಾಸ್ ಬಿಹಾರಿ ಬೋಸ್ ಜಪಾನಿಗೆ ತಪ್ಪಿಸಿಕೊಂಡು ಬಂದರು. ದೆಹಲಿಯಲ್ಲಿ 1912ರಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಬಿದ್ದ ಪ್ರಕರಣದಲ್ಲಿ ಬ್ರಿಟಿಷರು ಇವರನ್ನು ಹುಡುಕುತ್ತಿದ್ದರು. ಬೋಸ್‌ರನ್ನು ದೇಶದಿಂದ ಹೊರಹಾಕಿ ಎಂದು ಜಪಾನ್ ಸರ್ಕಾರದ ಮೇಲೆ ಒತ್ತಡ ಬಿತ್ತು. ಆಗ ಟೋಕಿಯೋದ ಶಿಂಜುಕುವಿನಲ್ಲಿ ನಾಕಾಮುರಾಯಾ ಎಂಬ ಬ್ರೆಡ್ ಅಂಗಡಿ ನಡೆಸುತ್ತಿದ್ದ ಸೋಮಾ ಐಝೋ, ಕೊಕ್ಕೋ ದಂಪತಿ ಅವರನ್ನು ಅಂಗಡಿಯ ಹಿಂದಿನ ಕಟ್ಟಡದಲ್ಲಿ ಅಡಗಿಸಿಟ್ಟರು. ಯಾರೋ ಪರದೇಶದವನಿಗಾಗಿ ಇಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳಲು ಎಷ್ಟು ಧೈರ್ಯ ಬೇಕು, ಯೋಚಿಸಿ. 1918ರಲ್ಲಿ ಅವರ ಮಗಳು ತೋಶಿಕೋ ಬೋಸ್‌ರನ್ನು ಮದುವೆಯಾದರು. 1927ರಲ್ಲಿ ನಾಕಾಮುರಾಯಾ ಊಟದ ವಿಭಾಗ ತೆರೆದಾಗ ಬೋಸ್ ಹೇಳಿಕೊಟ್ಟ ಭಾರತದ ಕರಿ ಅಲ್ಲಿ ಬಡಿಸಲಾಯಿತು. ಅದೇ ವರ್ಷ ಅದೇ ಅಂಗಡಿ ಚೀನೀ ಶೈಲಿಯ ಮಾಂಸದ ಉಂಡೆಗಳನ್ನೂ ಮಾರತೊಡಗಿತು. ಇಂದಿಗೂ ಎರಡೂ ಸಿಗುತ್ತವೆ.

ಈಗ ಅಡುಗೆಮನೆಗೆ ಬನ್ನಿ, ದೊಡ್ಡವರೊಬ್ಬರನ್ನು ಕರೆದುಕೊಂಡೇ ಬನ್ನಿ. ಎಂಟು ನಿಕುಮಾನ್‌ಗೆ 300 ಗ್ರಾಂ ಮೈದಾ, ಎರಡು ದೊಡ್ಡ ಚಮಚ ಸಕ್ಕರೆ, ಯೀಸ್ಟ್ ಮತ್ತು ಬೇಕಿಂಗ್ ಪೌಡರ್ ಒಂದೊಂದು ಚಿಕ್ಕ ಚಮಚ, ಚಿಟಿಕೆ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ. 150 ಮಿಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಚೆನ್ನಾಗಿ ನಾದಿ ಮುಚ್ಚಿಡಿ. ಹಿಟ್ಟು ಎರಡರಷ್ಟಾಗುವವರೆಗೆ ಗಡಿಯಾರ ನೋಡಬೇಡಿ, ಹಿಟ್ಟನ್ನೇ ನೋಡಿ, ಚಳಿಯಲ್ಲಿ ನಿಧಾನ.

ಅಷ್ಟರಲ್ಲಿ ಹೂರಣ. 200 ಗ್ರಾಂ ಹಂದಿಯ ಕೈಮಾಗೆ ಶುಂಠಿ, ನೆನೆಸಿ ಹೆಚ್ಚಿದ ಶಿಟಾಕೆ ಅಣಬೆ, ಸೋಯಾ ಸಾಸ್, ಸ್ವಲ್ಪ ಸಕ್ಕರೆ, ಒಂದು ಚಮಚ ಆಲೂಗಡ್ಡೆ ಪಿಷ್ಟ ಹಾಕಿ ಅಂಟು ಬರುವ ತನಕ ಕಲಸಿ. ಸಣ್ಣಗೆ ಹೆಚ್ಚಿದ ಅರ್ಧ ಈರುಳ್ಳಿ ಕೊನೆಗೆ ಸೇರಲಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಸ್ವಲ್ಪ ಎಳ್ಳೆಣ್ಣೆಯೂ ಬೇಕು, ಆದರೆ ಊರಿಂದ ತಂದದ್ದು ಇಲ್ಲಿಗೆ ಆಗದು. ಹುರಿದ ಎಳ್ಳಿನ ಜಪಾನಿ ಎಣ್ಣೆಯೇ ಬೇಕು, ಘಮವೇ ಬೇರೆ. ಕೊಡಗಿನ ಮನೆಗಳಲ್ಲಿ ಕಡಂಬುಟ್ಟು ಎಂಬ ಅಕ್ಕಿ ಉಂಡೆಯ ಪಕ್ಕದಲ್ಲಿ ಹಂದಿಮಾಂಸದ ಪಂದಿ ಕರಿ ಇರುತ್ತದೆ, ಇಲ್ಲಿ ಮಾಂಸ ಉಂಡೆಯ ಒಳಗೇ ಹೋಗಿ ಕೂತಿದೆ, ಅಷ್ಟೇ.

ಉಂಡೆ ಮಾಡಿ ಲಟ್ಟಿಸುವಾಗ ಅಂಚು ತೆಳ್ಳಗೆ, ನಡು ದಪ್ಪಗೆ ಇರಲಿ. ನೆರಿಗೆಗಳೆಲ್ಲ ಮೇಲೆ ಒಂದೆಡೆ ಸೇರುತ್ತವೆ, ಅಂಚೂ ದಪ್ಪವಿದ್ದರೆ ತಲೆ ಬೇಯುವುದಿಲ್ಲ. ಹೂರಣ ಇಟ್ಟು, ನೆರಿಗೆ ಹಿಡಿದು, ತುದಿ ತಿರುಚಿ ಮುಚ್ಚಿ. ಪ್ರತಿಯೊಂದರ ಕೆಳಗೂ ಬೇಕಿಂಗ್ ಕಾಗದದ ತುಂಡಿಟ್ಟು ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಇಡ್ಲಿ ಪಾತ್ರೆಯ ಕುಳಿ ತಟ್ಟೆ ತೆಗೆದು ತೂತಿನ ಚಪ್ಪಟೆ ತಟ್ಟೆ ಹಾಕಿ, ಜಾಗ ಬಿಟ್ಟು ಜೋಡಿಸಿ, ಜೋರು ಹಬೆಯಲ್ಲಿ ಹದಿನೈದು ನಿಮಿಷ. ಮುಚ್ಚಳಕ್ಕೆ ಬಟ್ಟೆ ಸುತ್ತುವುದನ್ನು ಮರೆಯಬೇಡಿ. ಹನಿ ಬಿದ್ದ ಕಡೆ ಹಿಟ್ಟು ಅಂಟಂಟಾಗುತ್ತದೆ. ಪಾತ್ರೆ ತೆರೆಯುವ ಕೆಲಸ ದೊಡ್ಡವರದು.

ಮಾಂಸ ತಿನ್ನದ ಮನೆಯವರು ನೀರು ಹಿಂಡಿದ ತೋಫು, ಎಲೆಕೋಸು, ಶಿಟಾಕೆ ತುಂಬಿ. ಅಜುಕಿ ಕಾಳು ಬೇಯಿಸಿ ಬೆಲ್ಲ ಹಾಕಿ ಕಾಯಿಸಿದ ಹೂರಣವಾದರೆ ಅದು ಅನ್‌ಮಾನ್, ಭಿಕ್ಷುಗಳ ದಾರಿ. ಅಂಗಡಿಯಲ್ಲಿ ಕೊಳ್ಳುವಾಗ ಮಾತ್ರ ಒಂದು ಎಚ್ಚರ: ಸಿಹಿಯ ಅನ್‌ಮಾನ್‌ನಲ್ಲೂ ಹಂದಿಯ ಕೊಬ್ಬು ಇರುವುದುಂಟು. ಶಾಕಾಹಾರಿ ಮಕ್ಕಳು ಚೀಟಿಯಲ್ಲಿರುವುದನ್ನು ಓದಿಸಿಕೊಂಡೇ ತೆಗೆದುಕೊಳ್ಳಿ.