ಸಾಲಗಾರ ವಿಠಲರಾಯರು ರಾಮದಾಸರಾದದ್ದು

1920ರ ಸುಮಾರಿಗೆ ಮಂಗಳೂರಿನಲ್ಲಿ ವಿಠಲರಾವ್ ಎಂಬ ಗೃಹಸ್ಥರೊಬ್ಬರು ಸೀರೆಗಳಿಗೆ ಬಣ್ಣ ಹಾಕಿ ಅಚ್ಚೊತ್ತುವ ಸಣ್ಣ ಕಾರ್ಖಾನೆಯೊಂದನ್ನು ನಡೆಸುತ್ತಿದ್ದರು. ವ್ಯಾಪಾರ ಕೈಹಿಡಿಯಲಿಲ್ಲ. ಸಾಲ ಬೆಳೆಯಿತು, ಮನೆಯಲ್ಲಿ ನೆಮ್ಮದಿ ಕಡಿಮೆಯಾಯಿತು. ಇಂಥ ಸ್ಥಿತಿಯಲ್ಲಿರುವವನಿಗೆ ಆನಂದದ ಮಾತು ಅಪಹಾಸ್ಯದಂತೆ ಕೇಳಿಸುವುದು ಸಹಜ. ಆದರೆ ಮುಂದೆ ಸ್ವಾಮಿ ರಾಮದಾಸರೆಂದು, ಭಕ್ತರ ಬಾಯಲ್ಲಿ ಪಪ್ಪಾ ಎಂದು ಪ್ರಸಿದ್ಧರಾದ ಇವರು ಆನಂದದ ಜಾಡು ಹಿಡಿದದ್ದು ಈ ಸಾಲದ ದಿನಗಳಲ್ಲೇ.

ಅವರು ಜನಿಸಿದ್ದು 1884ರಲ್ಲಿ, ಹೊಸದುರ್ಗದಲ್ಲಿ. ಅಂದರೆ ಇಂದಿನ ಕಾಞಂಗಾಡು. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕಾಸರಗೋಡಿನೊಂದಿಗೆ ಕೇರಳದ ಪಾಲಾದದ್ದು 1956ರಲ್ಲಿ. ತಂದೆ ಬಾಲಕೃಷ್ಣರಾವ್, ತಾಯಿ ಲಲಿತಾಬಾಯಿ. ಕೊಂಕಣಿ ಮನೆಮಾತಿನ ಸಾರಸ್ವತ ಕುಟುಂಬ. ಹುಡುಗನಿಗೆ ಶಾಲೆಯ ಪಾಠಗಳಲ್ಲಿ ಆಸಕ್ತಿ ಕಡಿಮೆ, ಬೇರೆ ಪುಸ್ತಕಗಳ ಹುಚ್ಚು ಹೆಚ್ಚು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಜವಳಿ ವಿದ್ಯೆ ಕಲಿತು, ಕಲಬುರಗಿಯ ಗಿರಣಿಯೂ ಸೇರಿದಂತೆ ಹಲವೆಡೆ ನೂಲುವ ವಿಭಾಗದಲ್ಲಿ ದುಡಿದರು. ಯಾವ ಕೆಲಸವೂ ಹೆಚ್ಚು ಕಾಲ ನಿಲ್ಲಲಿಲ್ಲ. ಬಿನ್ನಿ ಗಿರಣಿಯ ಕಾಲವನ್ನು ಕಂಡ ಮಾಗಡಿ ರಸ್ತೆ, ರಾಜಾಜಿನಗರದ ಹಿರಿಯರಿಗೆ ಪಾಳಿಯ ದುಡಿಮೆ, ಕೆಲಸ ತಪ್ಪಿದ ದಿನಗಳ ಆತಂಕ ಎಂಥದೆಂದು ವಿವರಿಸಬೇಕಿಲ್ಲ.

ಕಷ್ಟದ ನಡುವೆ ಅವರು ಬಿಡುವಾದಾಗಲೆಲ್ಲ ರಾಮನಾಮ ಜಪಿಸತೊಡಗಿದರು. ವ್ರತದ ಸಂಕಲ್ಪವಿರಲಿಲ್ಲ, ಪುರೋಹಿತರಿರಲಿಲ್ಲ, ಖರ್ಚೂ ಇರಲಿಲ್ಲ. ಜಪಿಸಿದಷ್ಟು ಹೊತ್ತು ಮನಸ್ಸು ಹಗುರವಾಗುತ್ತಿತ್ತು ಎಂಬುದಷ್ಟೇ ಆರಂಭದ ಅನುಭವ. ಮಗನ ಈ ಒಲವನ್ನು ಕಂಡ ತಂದೆ ಶ್ರೀರಾಮನ ತ್ರಯೋದಶಾಕ್ಷರಿ ಮಂತ್ರವನ್ನು ಉಪದೇಶಿಸಿದರು. ಮಗ ಅದರ ಮುಂದೆ ಓಂಕಾರವನ್ನು ಸೇರಿಸಿಕೊಂಡರು. ಸಾಲಗಾರನ ಮಗನಿಗೆ ತಂದೆ ಹಣ ಕೊಡಬಹುದಿತ್ತು, ಬುದ್ಧಿ ಹೇಳಬಹುದಿತ್ತು. ಹದಿಮೂರು ಅಕ್ಷರಗಳನ್ನು ಕೊಟ್ಟದ್ದು ಈ ಜೀವನಕಥೆಯ ಅತ್ಯಂತ ಮನಸೆಳೆಯುವ ಸಂಗತಿ ಎಂದು ನನಗನ್ನಿಸುತ್ತದೆ. ಕ್ರಮೇಣ ಜಪ ಹಗಲನ್ನೆಲ್ಲ ತುಂಬಿ ರಾತ್ರಿಗೂ ಚಾಚಿತು. ಊಟ ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆಗೆ ಇಳಿಯಿತು, ನಿದ್ದೆ ಕರಗಿತು.

1922ರ ಡಿಸೆಂಬರ್ ಕೊನೆಯ ವಾರದಲ್ಲಿ ಅವರು ಮನೆ ಬಿಟ್ಟರು. ಪತ್ನಿಗೊಂದು, ಸಾಲದ ವಿಷಯದಲ್ಲಿ ನೆರವಾಗಬಲ್ಲ ಮಿತ್ರರಿಗೊಂದು ಪತ್ರ ಬರೆದಿಟ್ಟು, 25 ರೂಪಾಯಿ ಮತ್ತು ಕೆಲವು ಪುಸ್ತಕಗಳೊಂದಿಗೆ ನಸುಕಿನಲ್ಲಿ ಹೊರಟರು. ಭಕ್ತರು ಬರೆಯುವ ಚರಿತ್ರೆಗಳು ಈ ಘಟ್ಟವನ್ನು ಬೇಗನೆ ದಾಟಿಬಿಡುತ್ತವೆ. ಆದರೆ ಆ ಬೆಳಿಗ್ಗೆ ಪತ್ರವನ್ನು ಓದಬೇಕಾದವರು ರುಕ್ಮಾಬಾಯಿ. ಅವರಿಗೊಬ್ಬ ಮಗಳಿದ್ದಳು. ತೀರದ ಸಾಲದ ಮನೆಯಲ್ಲಿ ಉಳಿದವರಿಗೆ ಪತಿಯ ವೈರಾಗ್ಯದಿಂದ ಆನಂದವಾಗಿರಲಾರದು. ಬುದ್ಧನ ಕಾಲದಿಂದಲೂ ಇರುವ ಈ ತೊಡಕನ್ನು ರಾಮನ ಇಚ್ಛೆ ಎಂಬ ಸಮಾಧಾನದಿಂದ ಪೂರ್ತಿಯಾಗಿ ಬಿಡಿಸಲಾಗದು. ಅವರ ಹಿರಿಮೆಯನ್ನು ಒಪ್ಪುವವರೂ ಈ ಋಣವನ್ನು ಅವರ ಲೆಕ್ಕದಲ್ಲಿ ಬರೆದಿಡಬೇಕು.

ಶ್ರೀರಂಗದಲ್ಲಿ ಕಾವೇರಿಯಲ್ಲಿ ಮಿಂದು ಕಾವಿ ಉಟ್ಟು ರಾಮದಾಸರಾದರು. ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳ ಎದುರು ನಿಂತು ಅನುಗ್ರಹ ಬೇಡಿದರು. ಮಹರ್ಷಿಗಳು ಕೆಲವು ಕ್ಷಣ ದೃಷ್ಟಿಯಿಟ್ಟು ನೋಡಿದರು, ಮಾತಾಡಲಿಲ್ಲ. ಅಲ್ಲಿಂದ ಅರುಣಾಚಲದ ಗುಹೆಯೊಂದರಲ್ಲಿ ಸುಮಾರು ಮೂರು ವಾರ ಜಪದಲ್ಲಿ ಕುಳಿತ ಮೇಲೆ ಹೊರಬಂದವರಿಗೆ ಕಂಡದ್ದೆಲ್ಲ ರಾಮನೇ. ಮರವನ್ನು ತಬ್ಬಿಕೊಂಡರು, ದಾರಿಯಲ್ಲಿ ಎದುರಾದವನನ್ನೂ ತಬ್ಬಿಕೊಂಡರು. ಪಾಪ, ಆತ ಗಾಬರಿಯಾಗಿರಬೇಕು!

ಬದರಿ, ಕೇದಾರ, ದ್ವಾರಕೆಗಳನ್ನು ಸುತ್ತಿ, ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಸನ್ನಿಧಿಯನ್ನು ಕಂಡು, ಸುಮಾರು ವರ್ಷದ ಬಳಿಕ ಮಂಗಳೂರಿಗೆ ಮರಳಿದರು, ಸಂಸಾರಕ್ಕೆ ಮರಳಲಿಲ್ಲ. ಕದ್ರಿ ಗುಡ್ಡದ ಪಾಂಡವರ ಗುಹೆಯಲ್ಲಿ ಕುಳಿತು ತಮ್ಮ ಅಲೆದಾಟದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದರು. ಆ ಪುಸ್ತಕದಲ್ಲಿ ಉತ್ತಮ ಪುರುಷದ ಸರ್ವನಾಮವಿಲ್ಲ. ತಮ್ಮನ್ನೇ ಬೇರೊಬ್ಬರೆಂಬಂತೆ ರಾಮದಾಸನೆಂದು ಕರೆದುಕೊಳ್ಳುತ್ತಾರೆ. ಟಿಕೆಟ್ಟಿಲ್ಲದೆ ರೈಲು ಹತ್ತಿ ಇಳಿಸಲ್ಪಟ್ಟ ಪ್ರಸಂಗಗಳನ್ನೂ ನಗುತ್ತಲೇ ಹೇಳುತ್ತಾರೆ. ಅಧ್ಯಾತ್ಮ ಗ್ರಂಥಗಳಲ್ಲಿ ಇಂಥ ನಗು ಅಪರೂಪ.

1928ರಲ್ಲಿ ಕಾಸರಗೋಡಿನಲ್ಲಿ ಆಶ್ರಮವೊಂದು ರೂಪುಗೊಂಡಿತು. ಎಳೆಯ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡಿದ್ದ, ಇಬ್ಬರು ಮಕ್ಕಳ ತಾಯಿ ಕೃಷ್ಣಾಬಾಯಿ ಅಲ್ಲಿಗೆ ಬಂದು ಶಿಷ್ಯೆಯಾದರು. ಒಬ್ಬ ವಿಧವೆ ಸನ್ಯಾಸಿಯ ಬಳಿ ಇರುವುದನ್ನು ಅಂದಿನ ಸಮಾಜ ಸಹಿಸಲಿಲ್ಲ. ನಿಂದೆ, ಕಿರುಕುಳಗಳ ನಡುವೆ ಆ ಸ್ಥಳವನ್ನು ತೊರೆದು 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮವನ್ನು ಕಟ್ಟಿದರು. ಸುತ್ತಲಿನ ಬಡವರಿಗೆ ಅನ್ನ, ಔಷಧ, ಮಕ್ಕಳಿಗೆ ಶಾಲೆ ಎಂದು ಆಶ್ರಮದ ಬಾಗಿಲನ್ನು ಹೊರಕ್ಕೆ ತೆರೆದವರು ಕೃಷ್ಣಾಬಾಯಿಯೇ.

ವಿಚಿತ್ರವೆಂದರೆ, ಸ್ವತಃ ಮನೆ ಬಿಟ್ಟ ರಾಮದಾಸರು ತಮ್ಮಲ್ಲಿಗೆ ಬಂದ ಗುಮಾಸ್ತರಿಗೆ, ಗೃಹಿಣಿಯರಿಗೆ ಮನೆ ಬಿಡಲು ಹೇಳಲಿಲ್ಲ. ಕೈ ತನ್ನ ಕೆಲಸ ಮಾಡುತ್ತಿರಲಿ, ನಾಲಿಗೆಗೆ ನಾಮವಿರಲಿ, ಮಾಡಿದ ಕೆಲಸವೇ ಪೂಜೆಯಾಗಲಿ ಎಂಬುದು ಅವರ ಬೋಧೆಯ ಸಾರ. ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ದಿನವೂ ಓಡಾಡುವವರ ಕೈಗೂ ನಿಲುಕುವ ಸಾಧನೆ ಇದು. ನಿಂತು ಪ್ರಯಾಣಿಸಿದರೂ ನಡೆಯುತ್ತದೆ. 1954ರಲ್ಲಿ ಯುರೋಪ್, ಅಮೆರಿಕ, ಜಪಾನ್‌ಗಳಿಗೆ ಹೋದಾಗಲೂ ಮತಾಂತರದ ಮಾತಿಲ್ಲದೆ ಅವರವರ ದೇವರ ಹೆಸರನ್ನೇ ನೆನೆಯಲು ಹೇಳಿದರು.

ರಾಮದಾಸರು 1963ರ ಜುಲೈ 25ರಂದು ತೀರಿಕೊಂಡರು. ಆ ಮೇಲೆ ಕೃಷ್ಣಾಬಾಯಿ 1989ರವರೆಗೆ ಆಶ್ರಮವನ್ನು ನಡೆಸಿದರು. ತಮ್ಮ ಕೊನೆಯ ವರ್ಷಗಳಲ್ಲಿ ಅವರು ಲೋಕಶಾಂತಿಗಾಗಿ 15,500 ಕೋಟಿ ನಾಮಜಪದ ಯಜ್ಞವನ್ನು ಆರಂಭಿಸಿದರು. ಅದಕ್ಕೆ ಆಶ್ರಮಕ್ಕೆ ಬರಬೇಕಾದ ಅಗತ್ಯವಿರಲಿಲ್ಲ. ಭಕ್ತರು ತಮ್ಮ ತಮ್ಮ ಮನೆಗಳಲ್ಲೇ ಜಪಿಸಿ, ಎಷ್ಟಾಯಿತೆಂಬ ಲೆಕ್ಕವನ್ನು ಕಾಞಂಗಾಡಿಗೆ ಬರೆದು ಕಳಿಸಿದರು.